ಜೋಕಿನ ರಾಪ್ಟರ್

"ಜೋಕಿನ್‌ರಾಪ್ಟರ್ ಅಂತೆ," ಎಂದ ಗುಂಡ, ಮೊಬೈಲಿನಿಂದ ಕಣ್ಣೆತ್ತದೆ. "ಹೆಸರಲ್ಲೇ ಜೋಕಿದೆ."

"ಅದು ಸ್ಪ್ಯಾನಿಷ್ ಹೆಸರು ಮಾರಾಯ. ಹ್ವಾಕಿನ್ ಅಂತ ಓದಬೇಕು," ಎಂದಳು ಶಾರದಾ. ನಮ್ಮ ಗುಂಪಿನಲ್ಲಿ ಸುದ್ದಿಯನ್ನು ಪೂರ್ತಿ ಓದುವವಳು ಅವಳೊಬ್ಬಳೇ. ಉಳಿದವರೆಲ್ಲ ತಲೆಬರಹ ನೋಡಿ ಅಭಿಪ್ರಾಯ ಕೊಡುವವರು.

ವಿಷಯ ಇಷ್ಟು. ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ, ಚುಬುಟ್ ಪ್ರಾಂತ್ಯದಲ್ಲಿ, ಹೊಸ ಜಾತಿಯ ಮಾಂಸಾಹಾರಿ ಡೈನೋಸಾರ್ ಸಿಕ್ಕಿದೆ. 2025ರಲ್ಲಿ ಹ್ವಾಕಿನ್‌ರಾಪ್ಟರ್ ಕಸಾಲಿ ಎಂದು ಹೆಸರಿಟ್ಟರು. ಸುಮಾರು 7 ಮೀಟರ್ ಉದ್ದ, 1 ಟನ್‌ಗಿಂತ ಜಾಸ್ತಿ ತೂಕ. ಬದುಕಿದ್ದು ಹೆಚ್ಚುಕಡಿಮೆ 7 ಕೋಟಿ ವರ್ಷಗಳ ಹಿಂದೆ.

"ಹ್ವಾಕಿನ್ ಅಂದ್ರೆ ಯಾರು?" ಮೋಹನ ಕೇಳಿದ.

"ತಂಡದ ಮುಂದಾಳು ಲೂಸಿಯೊ ಇಬಿರಿಕು ಅವರ ಮಗ."

ಮೋಹನ ಸ್ವಲ್ಪ ಹೊತ್ತು ಸುಮ್ಮನಿದ್ದ. "ನೋಡಿ, ಅಪ್ಪ ಅಂದ್ರೆ ಹೀಗಿರಬೇಕು. ನಮ್ಮಪ್ಪ ನನ್ನ ಹೆಸರು ಎತ್ತಿದ್ದೆಲ್ಲ ಬೈಯೋದಕ್ಕೇ."

"ಅದಕ್ಕೆ ವಯಸ್ಸು ಎಷ್ಟಂತೆ?" ನಾನು ಕೇಳಿದೆ.

"ಸಾಯುವಾಗ ಕಡಿಮೆ ಅಂದ್ರೂ 19. ಕಡಿದ ಮರದಲ್ಲಿ ಉಂಗುರ ಇರುತ್ತಲ್ಲ, ಮೂಳೆಯಲ್ಲೂ ಹಾಗೇ ಇರುತ್ತೆ. ತೆಳುವಾಗಿ ಕೊಯ್ದು ಎಣಿಸ್ತಾರೆ."

ವಯಸ್ಸು ಮುಚ್ಚಿಡಲು ತಲೆಗೆ ಬಣ್ಣ ಬಳಿದರೆ ಸಾಲದು ಎಂದು ನನಗೆ ಅವತ್ತು ಗೊತ್ತಾಯಿತು.

ಆದರೆ ಶಾರದಾ ಸ್ವಾರಸ್ಯವನ್ನು ಇನ್ನೂ ಹೊರಗೆ ಬಿಟ್ಟಿರಲಿಲ್ಲ. ಈ ಪ್ರಾಣಿಯ ಕೆಳದವಡೆಗಳ ನಡುವೆ ಒಂದು ಮೂಳೆ ಸಿಕ್ಕಿದೆ. ಇದರದ್ದಲ್ಲ, ಮೊಸಳೆಯ ಹಳೇ ನೆಂಟನೊಬ್ಬನ ತೋಳಿನ ಮೂಳೆ. ಮೇಲೆ ಹಲ್ಲು ತಾಗಿದಂಥ ಗುರುತೂ ಇದೆಯಂತೆ.

"ಅಯ್ಯೋ ಪಾಪ!" ಎಂದ ಮೋಹನ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ಇದಕ್ಕೆ ಬಾಯಿಗೂ ಬಂತು, ಹೊಟ್ಟೆಗೆ ಹೋಗಲಿಲ್ಲ."

"ಗಂಟಲಲ್ಲಿ ಸಿಕ್ಕಿಹಾಕಿಕೊಂಡು ಸತ್ತಿದೆ. ಕೇಸ್ ಮುಗೀತು," ಎಂದು ಗುಂಡ ತೀರ್ಪು ಕೊಟ್ಟ.

"ಗಂಟಲಲ್ಲಲ್ಲ, ದವಡೆಯಲ್ಲಿ," ಎಂದಳು ಶಾರದಾ. "ಅದು ತಿನ್ನುತ್ತಾ ಇದ್ದಿರಬಹುದು ಅಂತಷ್ಟೇ ಅವರು ಹೇಳೋದು. ಆ ಜಾಗ ಆಗ ನೆರೆ ಹರಡುವ ಬಯಲು. ನೀರಿನಲ್ಲಿ ಎಲ್ಲಿಂದಲೋ ಕೊಚ್ಚಿಕೊಂಡು ಬಂದ ಮೂಳೆ ಅಲ್ಲಿ ಸೇರಿಕೊಂಡಿರಲೂಬಹುದು. ಈ ಕುಟುಂಬದ ವಿಷಯದಲ್ಲಿ ಅವಸರ ಬೇಡ ಕಣೋ. ಮೊದಲೊಮ್ಮೆ ಏನಾಯ್ತು ಗೊತ್ತಾ?"

ಅದು ಮೆಗಾರಾಪ್ಟರ್ ಕಥೆ. ಹ್ವಾಕಿನ್‌ನ ದಾಯಾದಿ. 1998ರಲ್ಲಿ ಹೆಸರಿಟ್ಟಾಗ ಸಿಕ್ಕಿದ್ದು ಕೆಲವೇ ಮೂಳೆ, ಅದರ ಜೊತೆ ಕುಡುಗೋಲಿನಂಥ ಒಂದು ಉಗುರು. ಇಷ್ಟು ದೊಡ್ಡದು ಕಾಲಿನದೇ ಇರಬೇಕು ಎಂದುಕೊಂಡರು. 2004ರ ಹೊತ್ತಿಗೆ ಇನ್ನೊಂದರ ಪೂರ್ತಿ ಕೈ ಸಿಕ್ಕಿತು. ನೋಡಿದರೆ ಉಗುರು ಕೈಯದು!

"ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕೋದು ಕೇಳಿದ್ದೆ," ಎಂದ ಗುಂಡ. "ಕೈಯುಗುರನ್ನ ಕಾಲಿಗೆ ಹಾಕೋದು ಇದೇ ಮೊದಲು."

ನಗಬೇಡಿ. ಇಷ್ಟು ದೊಡ್ಡ ಬೇಟೆಗಾರರೆಂದರೆ ನಮ್ಮ ಕಣ್ಣಿಗೆ ಬರುವುದು ಟಿ-ರೆಕ್ಸ್ ಅಲ್ವಾ? 12 ಮೀಟರ್ ದೇಹಕ್ಕೆ 1 ಮೀಟರ್ ಕೈ, ಸ್ವಂತ ಮೂಗು ತುರಿಸಿಕೊಳ್ಳಲೂ ಆಗದು. ಉದ್ದ ತೋಳು, ಅದರ ತುದಿಗೆ ಅಂಥ ಉಗುರು ಇರುವ ದೊಡ್ಡ ಪ್ರಾಣಿಯನ್ನು ಯಾರು ತಾನೇ ಊಹಿಸಿಯಾರು? ನನಗಂತೂ ಆ ತಪ್ಪು ಮಾಡಿದವರ ಮೇಲೆ ಪ್ರೀತಿಯೇ ಬಂತು. ಹೊಸ ಮೂಳೆ ಸಿಕ್ಕ ಕೂಡಲೇ ಮಾತು ಬದಲಿಸಿದರಲ್ಲ. ನಮ್ಮ ಗುಂಪಿನಲ್ಲಿ ಅದು ಇವತ್ತಿನವರೆಗೂ ನಡೆದಿಲ್ಲ.

"ಸರಿ, ಇದನ್ನೆಲ್ಲ ಬರೆದಿಟ್ಟುಕೊಳ್ತೀನಿ," ಎಂದು ಶಾರದಾ ಪುಸ್ತಕ ತೆಗೆದಳು. "ನನ್ನ ಪೆನ್ನಿನ ಮುಚ್ಚಳ ಎಲ್ಲೋ? ಗುಂಡಾ! ಬಾಯಲ್ಲೇನದು?"

ಗುಂಡ ಮುಚ್ಚಳವನ್ನು ನಿಧಾನವಾಗಿ ಹೊರಗೆ ತೆಗೆದ.

"ಬಾಯಲ್ಲಿತ್ತು ಅಂದ ಮಾತ್ರಕ್ಕೆ ನಾನೇ ಕಚ್ಚಿದೆ ಅನ್ನೋ ಹಾಗಿಲ್ಲ. ನೀರಲ್ಲಿ ಕೊಚ್ಚಿಕೊಂಡು ಬಂದಿರಬಹುದು."

"ಹಲ್ಲಿನ ಗುರುತಿದೆಯಲ್ಲೋ!"

"ಅವಸರ ಬೇಡ," ಎಂದ ಗುಂಡ. "ಕಾಲುಗುರಿನದೂ ಇರಬಹುದು."