ಸಾಮಿಲ್‌ನ ತುಂಡುಸೌದೆ ಕೊಳ್ಳಬಹುದೇ?

ಪ್ರಶ್ನೆ, ಕೆಂಗೇರಿಯಿಂದ:
ಹಿತ್ತಲಿನ ಬಚ್ಚಲೊಲೆಯನ್ನು ಮತ್ತೆ ಕಟ್ಟಿಸಿ ತಾಮ್ರದ ಹಂಡೆ ಕೂರಿಸಿದ್ದೇವೆ. ಮೈಸೂರು ರಸ್ತೆಯ ಕಡೆಯ ಸಾಮಿಲ್‌ಗಳಲ್ಲಿ ಮರ ಕೊಯ್ದು ಉಳಿದ ತುಂಡುಗಳು ಸೌದೆ ಡಿಪೋಗಿಂತ ಅಗ್ಗವಾಗಿ ಸಿಗುತ್ತವೆಂದು ಕೇಳಿದ್ದೇನೆ. ಉರಿಸಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಚಾಮರಾಜಪೇಟೆಯಿಂದ:
ಅಗ್ಗವೆಂಬುದು ನಿಜ, ಏಕೆ ಅಗ್ಗವೆಂದು ತಿಳಿದು ಕೊಳ್ಳುವುದು ಲೇಸು. ದಿಮ್ಮಿಯನ್ನು ಚೌಕ ಮಾಡುವಾಗ ಮೊದಲು ಬೀಳುವುದು ತೊಗಟೆ ಸಹಿತವಾದ ಹೊರಸೀಳು. ಅದರಲ್ಲಿ ಚೇಗು, ಅಂದರೆ ಒಳಗಿನ ಗಟ್ಟಿಮರ, ಕಡಿಮೆ; ಹೊರಗಿನ ಬಿಳಿಮರವೇ ಹೆಚ್ಚು. ದಿಮ್ಮಿ ಹಸಿಯಾಗಿದ್ದರೆ ಸೀಳಿನ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥದ್ದನ್ನು ತೂಕದ ಲೆಕ್ಕದಲ್ಲಿ ಕೊಂಡರೆ ನೀರಿಗೂ ಹಣ ತೆತ್ತು, ಆಮೇಲೆ ಆ ನೀರನ್ನು ಆವಿ ಮಾಡಲು ಒಲೆಯ ಶಾಖವನ್ನೂ ಕಳೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ನಾನು ಯಾವಾಗಲೂ ಗಾಡಿಯ ಲೆಕ್ಕದಲ್ಲಿ ದರ ಕುದುರಿಸುತ್ತೇನೆ. ಒಣಗಿದ ಎರಡು ತುಂಡುಗಳನ್ನು ತಟ್ಟಿದರೆ ಟಣ್ಣೆನ್ನುತ್ತವೆ, ಕೊನೆಗಳಲ್ಲಿ ಬಿರುಕು ಕಾಣುತ್ತದೆ. ಹಸಿಯವು ಮಂದವಾಗಿ ಸದ್ದು ಮಾಡುತ್ತವೆ.

ಎಷ್ಟು ಬೇಕೆಂಬುದಕ್ಕೆ ಒಂದು ಅಂದಾಜು ಹೇಳಬಲ್ಲೆ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 10.5 ಮೆಗಾಜೂಲ್ ಶಾಖ ಬೇಕು. ಚೆನ್ನಾಗಿ ಒಣಗಿದ ಸೌದೆ ಕಿಲೋಗೆ ಸುಮಾರು 15 ಮೆಗಾಜೂಲ್ ಕೊಡುತ್ತದೆ; ಅದರಲ್ಲಿ ಐದನೇ ಒಂದು ಭಾಗ ಮಾತ್ರ ಹಂಡೆಗೆ ತಲುಪಿತೆಂದು ಹಿಡಿದರೂ ಮೂರೂವರೆ ಕಿಲೋ ಸಾಕು. ಹಸಿ ಸೌದೆಗೆ ಈ ಲೆಕ್ಕ ನಿಲ್ಲುವುದಿಲ್ಲ, ಹೊಗೆಯಂತೂ ಅಕ್ಕಪಕ್ಕದವರನ್ನೆಲ್ಲ ಜಗಳಕ್ಕೆ ಕರೆದುಕೊಂಡು ಬರುತ್ತದೆ.

ಜನವರಿ ಸುಮಾರಿಗೆ ಕೊಂಡರೆ ಮುಂಗಾರಿನೊಳಗೆ ಬೇಸಿಗೆಯ ಬಿಸಿಲೆಲ್ಲ ಸಿಗುತ್ತದೆ. ಇಟ್ಟಿಗೆಯ ಮೇಲೆ, ಮನೆಯ ಗೋಡೆಯಿಂದ ದೂರದಲ್ಲಿ, ನಡುವೆ ಗಾಳಿಯಾಡುವಂತೆ ಪೇರಿಸಿ. ಟಾರ್ಪಾಲನ್ನು ಮೇಲ್ಭಾಗಕ್ಕೆ ಮಾತ್ರ ಹೊದಿಸಿ. ತೊಗಟೆ ಇರುವ ಸೀಳಿಗೆ ಗೆದ್ದಲು ಬೇಗ ಹತ್ತುತ್ತದೆ, ಅಲ್ಲಿಂದ ಬಾಗಿಲಿನ ಚೌಕಟ್ಟಿಗೆ ಹೋಗಲು ಅದಕ್ಕೆ ಹೆಚ್ಚು ಕಾಲ ಬೇಡ.

ಬಸವನಗುಡಿಯಿಂದ:
ಮೇಲಿನ ಮಾತಿಗೆ ಒಂದನ್ನು ಸೇರಿಸಬೇಕು. ಮರಗೆಲಸದ ಅಂಗಡಿಗಳ ಚೂರು ಇನ್ನೂ ಅಗ್ಗವಾಗಿ, ಕೆಲವೊಮ್ಮೆ ಪುಕ್ಕಟೆಯಾಗಿ ಸಿಗುತ್ತದೆ, ಆದರೆ ಅದರಲ್ಲಿ ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿದ ಹಲಗೆ), ಬಣ್ಣ ಬಳಿದ ತುಂಡುಗಳು ಬೆರೆತಿರುತ್ತವೆ. ಅವುಗಳ ಅಂಟು ಮತ್ತು ಬಣ್ಣದ ಹೊಗೆ ವಿಷಕಾರಿ. ಹುಳು ಹಿಡಿಯದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ರಾಸಾಯನಿಕ ಕುಡಿಸಿದ ಮರವನ್ನಂತೂ ಒಲೆಗೆ ಒಡ್ಡಲೇಬಾರದು. ಆರ್ಸೆನಿಕ್ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಅಂಥ ಮರ ಸಾಮಾನ್ಯವಾಗಿ ಹಸಿರು ಛಾಯೆಯದು, ಹಳೆಯದಾದರೆ ಬಣ್ಣ ಮಾಸಿ ಗುರುತು ಸಿಗದೆ ಹೋಗಬಹುದು. ಮೂಲ ತಿಳಿಯದ ಚೂರನ್ನು ನಾನು ಮುಟ್ಟುವುದಿಲ್ಲ.

ಯಲಹಂಕದಿಂದ:
ತುಂಡಿಗಿಂತ ಅದೇ ಸಾಮಿಲ್‌ನ ಹೊಟ್ಟು ನಮಗೆ ಹಿಡಿಸಿತು. ಹೊಟ್ಟಿನ ಒಲೆಯ ನಡುವೆ ಒನಕೆಯಂಥ ಕಂಬವನ್ನು ನಿಲ್ಲಿಸಿ, ಕೆಳಗಿನ ಬಾಯಿಯಿಂದ ಇನ್ನೊಂದನ್ನು ಅದಕ್ಕೆ ತಾಗುವಂತೆ ಮಲಗಿಸಿ, ಸುತ್ತಲೂ ಒಣ ಹೊಟ್ಟನ್ನು ಗಟ್ಟಿಯಾಗಿ ಜಡಿದು, ಎರಡನ್ನೂ ಮೆಲ್ಲಗೆ ಎಳೆದರೆ ಗಾಳಿಗೆ ದಾರಿಯಾಗುತ್ತದೆ. ಮತ್ತೆ ಮತ್ತೆ ಸೌದೆ ನೂಕುವ ಗೊಡವೆಯಿಲ್ಲದೆ ಅದು ಗಂಟೆಗಟ್ಟಲೆ ಉರಿಯುತ್ತದೆ. ಹೊಟ್ಟು ಸಡಿಲವಾಗಿದ್ದರೆ ನಡುವಿನ ದಾರಿ ಕುಸಿದು ಬೆಂಕಿ ನಂದುತ್ತದೆ, ಆದ್ದರಿಂದ ಜಡಿಯುವುದರಲ್ಲಿ ಆತುರ ಬೇಡ. ಇದನ್ನು ಮುಚ್ಚಿದ ಬಚ್ಚಲುಮನೆಯೊಳಗೆ ಮಾತ್ರ ಇಡಬೇಡಿ; ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ನಿಮ್ಮದು ಹಿತ್ತಲಾದ್ದರಿಂದ ಒಲೆಯ ಮೇಲೆ ಮಳೆಗೆ ಒಂದು ತಗಡಿನ ಮಾಡು ಹಾಕಿಸಿಕೊಂಡರೆ ಸಾಕಾಗುತ್ತದೆ.