ಪ್ರಾರ್ಥನೆಗೆ ಬಾಯಿ ಬಾರದಾಗ ನೀವೇನು ಮಾಡಿದ್ರಿ?

ಕೇಳಿದವರು, ಹುಬ್ಬಳ್ಳಿ ಕೇಶ್ವಾಪುರದಿಂದ:
ಎಲ್ಲಾರಿಗೂ ಕರ್ತನಲ್ಲಿ ವಂದನೆ. ನಮ್ಮನಿಯವ್ರು ರೈಲ್ವೆ ವರ್ಕ್‌ಶಾಪಿನ್ಯಾಗ ಇದ್ರು. ತೀರಿಕೊಂಡು ಎಂಟು ತಿಂಗಳಾತು. ಇಬ್ಬರು ಮಕ್ಕಳು, ಸಣ್ಣಾಕಿ ಐದನೇತ್ತ. ಮೊದಲು ದಿನಾ ಸಂಜಿಗೆ ನಾಲ್ಕೂ ಮಂದಿ ಕೂತು ಪ್ರಾರ್ಥನೆ ಮಾಡ್ತಿದ್ವಿ. ಈಗ ಸತ್ಯವೇದ (ಬೈಬಲ್) ತಗದ್ರ ಅಕ್ಷರ ಕಾಣತಾವ, ಒಳಗ ಇಳಿಯಂಗಿಲ್ಲ. ಸಭೆಯೊಳಗ ಒಬ್ಬರು "ನಿನ್ನ ನಂಬಿಕೆ ಕಡಿಮಿ ಆಗೇತಿ, ಅದಕ್ಕ ಸಮಾಧಾನ ಸಿಗವಲ್ದು" ಅಂದ್ರು. ಅವತ್ತಿಂದ ಚರ್ಚಿಗೆ ಹೋಗಾಕ ಕಾಲು ಏಳವಲ್ದು. ಇಂಥಾ ದಿನ ದಾಟಿದವರು ನೀವು ಏನ್ ಮಾಡಿದ್ರಿ, ಹೇಳ್ರಿ.

ಬೆಟಗೇರಿಯಿಂದ, ನಿವೃತ್ತ ಮಾಸ್ತರ:
ತಂಗೆವ್ವಾ, ಹನ್ನೊಂದು ವರ್ಷದ ಹಿಂದ ನಮ್ಮ ಹಿರೀಮಗ ರಸ್ತೆ ಅಪಘಾತದಾಗ ಹೋದ. ಮಣ್ಣು ಮುಗದ ಮ್ಯಾಲೆ ಮನಿಗೆ ಬಂದವರೆಲ್ಲಾ ಸತ್ಯವೇದದ ಒಂದೊಂದು ವಚನ ಹೇಳಿ ಹೋಗ್ತಿದ್ರು. ವಚನ ಸುಳ್ಳಲ್ಲ. ಆದ್ರ ಅವತ್ತು ನನ್ನ ಎದಿಗೆ ಅವು ಕಲ್ಲು ಬಡದಂಗ ಬಡೀತಿದ್ವು.

ನಮ್ಮ ಓಣ್ಯಾಗ ಒಬ್ಬ ಆಯಿ ಇದ್ಲು, ನೇಕಾರ ಮನೆತನದಾಕಿ, ನಮ್ಮ ಸಭೆಯಾಕೀನೂ ಅಲ್ಲ. ದಿನಾ ಐದರ ಸುಮಾರಿಗೆ ಬರಾಕಿ. ನನ್ನ ಹೆಂಡತಿ ಕೈಯಾಗಿನ ಮರ ಇಸಗೊಂಡು ಕಟ್ಟಿ ಮ್ಯಾಲೆ ಕೂತು ಜ್ವಾಳಾ ಹಸನ ಮಾಡಾಕಿ. ಬೆರಳಿಲೆ ಕಾಳು ಸರಿಸೋ ಸಪ್ಪಳ ಅಷ್ಟ, ಮಾತಿಲ್ಲ. ದೀಪಾ ಹಚ್ಚೋ ಹೊತ್ತಿಗೆ ಕಾಳು ಡಬ್ಬಿಗೆ ಸುರವಿ ಎದ್ದು ಹೋಗಾಕಿ. ಹಿಂಗ ಒಂದೂವರಿ ತಿಂಗಳು. ಹಸನಾದ ಜ್ವಾಳಾನ ಮರುದಿನ ಮತ್ತ ಮರಕ್ಕ ಹಾಕೊಂಡು ಹಸನ ಮಾಡ್ತಿದ್ಲು ಅಂತ ನಮ್ಮಾಕಿ ಭಾಳ ದಿನದ ಮ್ಯಾಲೆ ಹೇಳಿದ್ಲು.

ಸತ್ಯವೇದದಾಗ ಮಕ್ಕಳು, ಆಸ್ತಿ ಎಲ್ಲಾ ಕಳಕೊಂಡ ಯೋಬ ಅಂತ ಒಬ್ಬ ಬರ್ತಾನ. ಅವನ ಮೂವರು ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೋಡಿ ನೆಲದ ಮ್ಯಾಲೆ ಕೂತಿದ್ರು, ಒಂದು ಮಾತೂ ಆಡಲಿಲ್ಲ. ಎಷ್ಟೋ ವರ್ಷ ಸಂಡೇ ಸ್ಕೂಲ್ ಕಲಿಸೀನಿ, ಆ ಒಂದು ಸಾಲನ್ನ ದಾಟಿಸಿ ಮುಂದಿನ ವಾದಕ್ಕ ಹೋಗ್ತಿದ್ದೆ. ಆಯಿ ಬಂದು ಕೂತ ಮ್ಯಾಲೆ ಅದು ತಿಳೀತು. ಆ ಗೆಳೆಯರು ತಪ್ಪಿದ್ದು ಬಾಯಿ ತೆರೆದು, ನಿನ್ನ ತಪ್ಪಿಗೇ ಈ ಕಷ್ಟ ಬಂತು ಅಂದ ಮ್ಯಾಲೆ. ಗ್ರಂಥದ ಕಡೀಕ ದೇವರಿಗೆ ಸಿಟ್ಟು ಬಂದದ್ದೂ ಅವರ ಮ್ಯಾಲೆನ. ನಿನಗ "ನಂಬಿಕೆ ಕಡಿಮಿ" ಅಂದವರದು ಕೆಟ್ಟ ಮನಸ್ಸು ಇರಲಿಕ್ಕಿಲ್ಲ. ಆದ್ರ ಆ ಮಾತು ಹೊತಗೊಂಡು ತಿರಗಬ್ಯಾಡವಾ.

ಗದಗದಿಂದ:
ನಾನು ಅಂಗಡಿ ಮುಚ್ಚಿ ಸಾಲದಾಗ ಬಿದ್ದಾಗ ಉಪವಾಸ ಪ್ರಾರ್ಥನೆ ಹಿಡದೆ. ನಸಿಕಿನ್ಯಾಗ ನಾಲ್ಕಕ್ಕ ಎದ್ದು ಮೊಣಕಾಲೂರ್ತಿದ್ದೆ. ಅದರಿಂದನ ನಾನು ಎದ್ದು ನಿಂತೆ. ಅಕ್ಕಾರ, ನೀವೂ ಇಪ್ಪತ್ತೊಂದು ದಿನ ಮಾಡಿ ನೋಡ್ರಿ.

ಧಾರವಾಡದಿಂದ, ನರ್ಸ್:
ಅಣ್ಣಾರ, ನಿಮಗೆ ಅದು ಆಸರೆ ಆಗಿದ್ದು ಖರೇನೇ. ಆದರೆ ಈಗ ಈ ಅಕ್ಕನಿಗೆ ಉಪವಾಸ ಬೇಡ ಅಂತ ನನ್ನ ಅನಿಸಿಕೆ. ಎಲೀಯ ಪ್ರವಾದಿ ಸಾಕಾಗಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದು "ನನ್ನ ಪ್ರಾಣ ತಗೋ" ಅಂದಾಗ ದೇವದೂತ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಮತ್ತೆ ಉಣ್ಣಿಸಿದ. ಪ್ರಯಾಣದ ಮಾತು ಬಂದದ್ದು ಆಮೇಲೆ. ಅಕ್ಕಾರ, ನಿದ್ದೆ ಬರುತ್ತಿದೆಯಾ? ಎರಡು ಹೊತ್ತು ಊಟ ಸೇರುತ್ತಿದೆಯಾ? ಇಲ್ಲದಿದ್ದರೆ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಮ್ಮೆ ಬನ್ನಿ, ದುಃಖದಲ್ಲಿ ಬರುವವರು ಅಲ್ಲಿ ಎಷ್ಟೋ ಜನ. ರಾತ್ರಿ ಹೊತ್ತು ತೀರಾ ತಾಳದಂತಾದರೆ 14416ಕ್ಕೆ ಫೋನ್ ಮಾಡಿ, ಅದು ಮನಸ್ಸಿನ ಕಷ್ಟಕ್ಕೆ ಅಂತ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಹತ್ತುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾನು ಮಾಡಿದ್ದು ಹೇಳುತ್ತೇನೆ. ಅವ್ವ ಕ್ಯಾನ್ಸರಿನಿಂದ ಹೋದಮೇಲೆ ನನಗೂ ಪ್ರಾರ್ಥನೆ ನಿಂತುಹೋಯಿತು. ನಮ್ಮ ಪಾಸ್ಟರಮ್ಮ "ಬಾಯಿ ಬರದಿದ್ದರೆ ಕೈಯಿಂದ ಮಾಡು" ಅಂದರು. ಇನ್ನೂರು ಪುಟದ ನೋಟ್‌ಬುಕ್ ತಂದು ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ದಿನಕ್ಕೊಂದು ಕೀರ್ತನೆ ನೋಡಿ ಬರೆಯತೊಡಗಿದೆ. ಡ್ಯೂಟಿ ಮುಗಿಸಿ ಬಂದು, ಅರ್ಥ ಯೋಚಿಸದೆ, ಬರೀ ಅಕ್ಷರ. 13ನೇ ಕೀರ್ತನೆಯಲ್ಲಿ ಪೆನ್ನು ನಿಂತಿತು. ದಾವೀದ ಮೊದಲ ಎರಡೇ ವಚನದಲ್ಲಿ ನಾಲ್ಕು ಸಲ ಕೇಳುತ್ತಾನೆ, ಇನ್ನೂ ಎಷ್ಟರವರೆಗೆ ಅಂತ. ಆ ಪುಟದ ಮೇಲೆ ಅತ್ತ ಗುರುತು ಇನ್ನೂ ಇದೆ, ಶಾಯಿ ಹರಡಿದೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ, ಅಕ್ಕಾರ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಂಥ ಗೋಳಿನವೇ. ಅಷ್ಟು ಗೋಳು ನಂಬಿಕೆಯವರದೇ ಆದಮೇಲೆ ನಿಮ್ಮದನ್ನು ನಂಬಿಕೆಯಿಲ್ಲದ್ದು ಅಂತ ಹೇಗೆ ಹೇಳುವುದು?

ಬೆಟಗೇರಿ ಮಾಸ್ತರ ಮತ್ತೆ:
ಈ ನರ್ಸ್ ತಂಗಿ ಹೇಳಿದ್ದು ಬರೋಬ್ಬರಿ ಐತಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1837ಕ್ಕ ಧಾರವಾಡಕ್ಕ ಬಂತು, 1841ಕ್ಕ ನಮ್ಮ ಬೆಟಗೇರಿಗೆ. ಅವರು ಇಲ್ಲಿ ದೇವಾಲಯ ಅಷ್ಟ ಕಟ್ಟಿ ಸುಮ್ಮನಾಗಲಿಲ್ಲ, ಮುಂದ ದವಾಖಾನಿನೂ ಕಟ್ಟಿದ್ರು, ಮಂದಿ ಇವತ್ತಿಗೂ ಅದಕ್ಕ ಜರ್ಮನ್ ದವಾಖಾನಿ ಅಂತಾರ. ಡಾಕ್ಟರ ಹತ್ರ ಹೋದ್ರ ನಂಬಿಕೆ ಸೋತಂಗ ಅಂತ ತಿಳಕೊಬ್ಯಾಡವಾ. ಪುತ್ರಶೋಕದಾಗ ನನಗ ಬಿಪಿ ಏರಿ ನಾನೂ ಹೋಗಿ ಮಲಗಿ ಬಂದೀನಿ.

ಬ್ಯಾಡಗಿ ಕಡೆಯಿಂದ:
ನಾವು ಕಥೋಲಿಕರು. ಎರಡು ವರ್ಷ ಮೆಣಸಿನಕಾಯಿ ಕೈಕೊಡ್ತು, ಅದ ಹೊತ್ತಿಗೆ ಅತ್ತಿ ಹಾಸಿಗಿ ಹಿಡದ್ರು. ನಂಗ ಸ್ವಂತ ಮಾತು ಹೊಂದಿಸಿ ಪ್ರಾರ್ಥನೆ ಮಾಡಾಕ ಆಗ್ತಿರಲಿಲ್ಲ. ಜಪಸರ ಕೈಯಾಗ ಹಿಡಕೊಂಡು ಮಣಿ ಸರಿಸ್ತಿದ್ದೆ ಅಷ್ಟ. ಮಾತು ಮೊದಲ ಯಾರೋ ಮಾಡಿಟ್ಟಿದ್ದು, ನಾನು ಹುಡುಕೋದು ಇರಲಿಲ್ಲ. ಒಮ್ಮೊಮ್ಮೆ ಎರಡನೇ ದಶಕಕ್ಕ, ಅಂದ್ರ ಎರಡನೇ ಹತ್ತು ಮಣಿಗೆ, ನಿದ್ದಿ ಬರ್ತಿತ್ತು. ಉಳಿದದ್ದು ಮಾತೆ ಮರಿಯಮ್ಮ ಮುಗಿಸ್ಕೊತಾಳ ಅಂತ ನಮ್ಮ ಅತ್ತಿ ಅಂತಿದ್ರು.

ಹುಬ್ಬಳ್ಳಿಯಿಂದ:
ಯವ್ವಾ, ನಾನೂ ಗಂಡನ್ನ ಕಳಕೊಂಡಾಕಿ, ಆರು ವರ್ಷಾತು. ಮೊದಲನೇ ವರ್ಷ ರವಿವಾರ ಕಡೇ ಸಾಲಿನ್ಯಾಗ, ಬಾಗಲ ಹತ್ರ ಕೂಡ್ತಿದ್ದೆ, ಅಳು ಬಂದ್ರ ಎದ್ದು ಹೋಗಾಕ. ಹಾಡು ಬಾಯಿಗೆ ಬರ್ತಿರಲಿಲ್ಲ, ಮಂದಿ ಹಾಡೋದು ಕೇಳ್ತಿದ್ದೆ. ನನ್ನ ಪಾಲಿಂದೂ ಇವರ ಹಾಡಾಕತ್ತಾರ ಅಂತ ತಿಳಕೊಂಡೆ. ಹಿಂಗ ವರ್ಷ ಕಳದೆ.

ಆಗ ನಂಗ ಹಿಡದು ನಿಲ್ಲಿಸಿದ್ದು ಸತ್ಯವೇದದಾಗಿನ ಲಾಜರನ ಮನಿ. ಲಾಜರ ತೀರಿಕೊಂಡ ಮ್ಯಾಲೆ ಯೇಸು ಬಂದ. ಲಾಜರನ ಅಕ್ಕ ಮಾರ್ಥ ಅವನ ಎದುರಿಗೆ ಹೋಗಿ, ನೀ ಇಲ್ಲೇ ಇದ್ದಿದ್ರ ನನ್ನ ತಮ್ಮ ಸಾಯ್ತಿರಲಿಲ್ಲ ಅಂತ ನೇರ ಕೇಳಿದ್ಲು. ಯೇಸು ಆಕಿಗೆ ಬೈಲಿಲ್ಲ. ಸತ್ತ ಲಾಜರನ್ನ ಜೀವಂತ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಸಮಾಧಿ ಕಡೆ ಹೋಗೋವಾಗ ಕಣ್ಣೀರು ಹಾಕಿದ. ನಾನೂ ಒಂದು ರಾತ್ರಿ ಅಡಗಿಮನ್ಯಾಗ ನಿಂತು ಆ ಮಾತನ್ನ ಜೋರಾಗಿ ಕೇಳೀನಿ, ನೀ ಎಲ್ಲಿದ್ದಿ ಅಂತ. ಉತ್ತರ ಬರಲಿಲ್ಲ. ಆದ್ರ ಅವತ್ತು ಎಷ್ಟೋ ದಿನದ ಮ್ಯಾಲೆ ಬೆಳತನ ಮಲಗಿದೆ.

ಈ ರವಿವಾರ ಕೇಶ್ವಾಪುರಕ್ಕ ನಮ್ಮ ತಂಗಿ ಮನಿಗೆ ಬರಾಕಿ ಅದೀನಿ. ನೀ ಹೂಂ ಅಂದ್ರ ನಿಮ್ಮನಿಗೂ ಬರ್ತೀನಿ. ಏನೂ ಮಾತಾಡೋದು ಬ್ಯಾಡ.

ಕೇಳಿದವರು:
ಎಲ್ಲಾ ಎರಡೆರಡು ಸಲ ಓದೀನಿ. ಮಾಸ್ತರ, ಆ ಆಯಿ ಕತಿ ಮಕ್ಕಳಿಗೂ ಓದಿ ಹೇಳಿದೆ. ಸಣ್ಣಾಕಿ ತನ್ನ ಹಳೇ ನೋಟ್‌ಬುಕ್ಕಿನ್ಯಾಗ ಬರಿಯದ ಹಾಳಿ ಅದಾವ ಅಂತ ಹರದು ತಂದು ಕೊಟ್ಲು. 13ನೇ ಕೀರ್ತನೆ ಅರ್ಧ ಬರದೀನಿ.

ಅಕ್ಕಾರ, ರವಿವಾರ ಬರ್ರಿ. ಮಧ್ಯಾಹ್ನದ ಮ್ಯಾಲೆ ಮನ್ಯಾಗ ಇರ್ತೀನಿ. ಜ್ವಾಳಾ ಹಸನ ಮಾಡೋದು ಬಾಕಿ ಐತಿ.