1971ರ ಫಿಯೆಟ್ 1100ಡಿ: ಡ್ಯಾಶ್‌ಬೋರ್ಡ್ ಕತ್ತರಿಸದೆ ಒಳ್ಳೆಯ ಧ್ವನಿ ವ್ಯವಸ್ಥೆ ಅಳವಡಿಸುವುದು ಹೇಗೆ?

ಪ್ರಶ್ನೆ: ಮೈಸೂರು_ಫಿಯೆಟ್

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಕೊಂಡ 1971ರ ಫಿಯೆಟ್ 1100ಡಿ ಈಗಲೂ ನಮ್ಮ ಮನೆಯಲ್ಲಿದೆ. ಕ್ರೋಮ್ ಪಟ್ಟಿಗಳು, ಸ್ಟಿಯರಿಂಗ್ ಪಕ್ಕದ ಗೇರ್, ಉದ್ದನೆಯ ಮುಂದಿನ ಸೀಟು ಎಲ್ಲವೂ ಮೊದಲಿನಂತೆಯೇ ಇವೆ. ಎರಡು ನಾಬ್‌ಗಳ ಮೀಡಿಯಂ ವೇವ್ ರೇಡಿಯೊ ಒಂದಿದ್ದು, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅದರಲ್ಲಿ ಕೇಳಿಸುತ್ತದಾದರೂ ಇರುವುದು ಒಂದೇ ಸ್ಪೀಕರ್, ಅದರ ಕಾಗದವೂ ಹರಿದಿದೆ. ಫೋನಿನಲ್ಲಿರುವ ಹಾಡುಗಳನ್ನು ಬ್ಲೂಟೂತ್ ಮೂಲಕ ಕೇಳುವಂತಾಗಬೇಕು ಎಂಬುದು ನನ್ನ ಆಸೆ. ಕಾರ್ ಡೆಕಾರ್ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಡ್ಯಾಶ್‌ಬೋರ್ಡ್ ಕತ್ತರಿಸಿ ಹೊಸ ಸ್ಟೀರಿಯೊ ಕೂರಿಸಿ, ಬಾಗಿಲುಗಳಲ್ಲಿ ರಂಧ್ರ ಕೊರೆದು ಸ್ಪೀಕರ್ ಹಾಕುವುದೊಂದೇ ದಾರಿ ಎಂದರು. ಅದಕ್ಕೆ ನಾನು ಒಪ್ಪಲಿಲ್ಲ. ಮುಂದೆ ವಿಂಟೇಜ್ ನೋಂದಣಿ ಮಾಡಿಸುವ ಯೋಚನೆಯೂ ಇರುವುದರಿಂದ, ಬೇಡವೆನಿಸಿದಾಗ ಎಲ್ಲವನ್ನೂ ಬಿಚ್ಚಿ ಮೊದಲಿನ ಸ್ಥಿತಿಗೆ ತರಲು ಸಾಧ್ಯವಾಗುವ ವಿಧಾನವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1: ರೇಡಿಯೊ_ರಿಪೇರಿ

ಅಂಗಡಿಯವರ ಮಾತನ್ನು ಕೇಳದೆ ಒಳ್ಳೆಯ ಕೆಲಸ ಮಾಡಿದ್ದೀರಿ. ಇಂದಿನ ಸ್ಟೀರಿಯೊಗಳ ಮುಖ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಅಳತೆಗೆ ಮಾಡಿದ್ದು. ಆ ಅಳತೆಗೆ ಒಮ್ಮೆ ತಗಡು ಕತ್ತರಿಸಿದರೆ ಮತ್ತೆ ಬೆಸುಗೆ ಹಾಕಿಸಿ ಬಣ್ಣ ಬಳಿಸಿದರೂ ಗುರುತು ಉಳಿಯುತ್ತದೆ.

ನನ್ನ ಸಲಹೆಯೆಂದರೆ, ಹಳೆಯ ರೇಡಿಯೊವನ್ನು ಇರುವಲ್ಲೇ, ಕೆಲಸ ಮಾಡುವ ಸ್ಥಿತಿಯಲ್ಲೇ ಬಿಡಿ. ಬ್ಲೂಟೂತ್ ಇರುವ ಸಣ್ಣ ಆಂಪ್ಲಿಫೈಯರ್ ಒಂದನ್ನು ಮುಂದಿನ ಸೀಟಿನ ಕೆಳಗೆ ಮರೆಯಾಗಿ ಇಟ್ಟರೆ ಸಾಕು. ಧ್ವನಿಯ ಏರಿಳಿತವನ್ನು ಫೋನಿನಲ್ಲೇ ಮಾಡಿಕೊಳ್ಳಬಹುದು. ರೇಡಿಯೊದ ಒಳಗಿನ ಬೋರ್ಡ್ ತೆಗೆದು ಹೊಸ ಬೋರ್ಡ್ ತುಂಬಿಸುವವರೂ ಇದ್ದಾರೆ. ಹೊರಗಿನಿಂದ ನೋಡಲು ಅದು ಚೆನ್ನಾಗಿಯೇ ಇರುತ್ತದೆಯಾದರೂ, ನಡೆಯುತ್ತಿರುವ ರೇಡಿಯೊದ ಕರುಳು ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಒಳಗೆ ಪೂರ್ತಿ ಸುಟ್ಟುಹೋದ ರೇಡಿಯೊ ಆಗಿದ್ದರೆ ಮಾತು ಬೇರೆ.

ಹಾಡು ಹಳೆಯ ರೇಡಿಯೊದಿಂದಲೇ ಬರಬೇಕೆಂದಿದ್ದರೆ, ಬ್ಲೂಟೂತ್ ಮಾಡ್ಯೂಲಿನ ಎಡ ಮತ್ತು ಬಲ ತಂತಿಗಳನ್ನು ಎರಡು ರೆಸಿಸ್ಟರ್‌ಗಳ ಮೂಲಕ ಒಂದುಗೂಡಿಸಿ, ಕೆಪಾಸಿಟರ್ ದಾಟಿಸಿ, ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿಗೆ ಕೊಡಬಹುದು. ಇಲ್ಲಿ ಎರಡು ಎಚ್ಚರಿಕೆ ಬೇಕು. ಆ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಹಲವಕ್ಕೆ ಪಾಸಿಟಿವ್ ಕಡೆಯೇ ಒಳಗಿನ ಅರ್ತ್ ಆಗಿರುವುದರಿಂದ, ಮೀಟರ್ ಹಿಡಿದು ನೋಡದೆ ಮಾಡ್ಯೂಲಿನ ಅರ್ತನ್ನು ಸೇರಿಸಬೇಡಿ. ಹಾಗೆಯೇ ಮಾಡ್ಯೂಲಿಗೆ 5 ವೋಲ್ಟ್ ಕೊಡಲು ಫೋನ್ ಚಾರ್ಜರಿನಂಥ ಸ್ವಿಚಿಂಗ್ ಕನ್ವರ್ಟರ್ ಬಳಸಿದರೆ, ಅದು ಹೊಮ್ಮಿಸುವ ಗದ್ದಲ ಮೀಡಿಯಂ ವೇವ್‌ನಲ್ಲಿ ನೇರವಾಗಿ ಕೇಳಿಸಿ 612ರ ಸ್ಟೇಷನ್ನೇ ಮುಚ್ಚಿಹೋದೀತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ, 5 ವೋಲ್ಟ್ ಕೊಡುವ ಸಣ್ಣ ಚಿಪ್ ಆದ 7805 ರೆಗ್ಯುಲೇಟರ್ ಆದರೆ ಈ ತೊಂದರೆ ಇರುವುದಿಲ್ಲ.

ಉತ್ತರ 2: ಡೈನಮೊ_ಪ್ರೇಮಿ

ಮೇಲಿನ ಸದಸ್ಯರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಸೀಟಿನ ಕೆಳಗೆ ಆಂಪ್ಲಿಫೈಯರ್ ಇಡುವ ಮೊದಲು ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ನಿಮ್ಮ ಕಾರಿನಲ್ಲಿ ಇನ್ನೂ ಡೈನಮೊ (ಎಂಜಿನ್ ಬಲದಿಂದ ತಿರುಗಿ ವಿದ್ಯುತ್ ಕೊಡುವ ಹಳೆಯ ಮಾದರಿಯ ಜನರೇಟರ್) ಇದ್ದರೆ, ಅದರಿಂದ ಸಿಗುವುದು ಹೆಚ್ಚೆಂದರೆ ಸುಮಾರು 20 ಆಂಪಿಯರ್. ಸಿಗ್ನಲ್‌ನಲ್ಲಿ ನಿಂತಾಗ ಬಹುತೇಕ ಏನೂ ಸಿಗುವುದಿಲ್ಲ. ಚಾರ್ಜ್ ದೀಪ ಮಿನುಗುವುದು ಅದಕ್ಕೇ. ರಾತ್ರಿ ಹೆಡ್‌ಲೈಟುಗಳೇ ಏಳೆಂಟು ಆಂಪಿಯರ್ ಎಳೆಯುತ್ತವೆ, ಅದರ ಮೇಲೆ ಇಗ್ನಿಷನ್ ಮತ್ತು ವೈಪರ್.

ಆದ್ದರಿಂದ ಡಬ್ಬಿಯ ಮೇಲೆ ಸಾವಿರ ವ್ಯಾಟ್ ಎಂದು ಬರೆದಿರುವ ಆಂಪ್ಲಿಫೈಯರ್ ಕಡೆ ನೋಡಲೇಬೇಡಿ. ನಾಲ್ಕು ಚಾನೆಲ್‌ಗೆ ತಲಾ 50 ವ್ಯಾಟ್ ಆರ್‌ಎಂಎಸ್ (ನಿರಂತರವಾಗಿ ಸಿಗುವ ನಿಜವಾದ ಶಕ್ತಿ) ಕೊಡುವ ಕ್ಲಾಸ್ ಡಿ ಜಾತಿಯದನ್ನು ಕೊಳ್ಳಿ. ಅದರ ದಕ್ಷತೆ ಶೇ. 80ರ ಆಸುಪಾಸಿನಲ್ಲಿರುವುದರಿಂದ, 200 ವ್ಯಾಟ್ ಪೂರ್ತಿ ಹೊರಟರೂ 13 ವೋಲ್ಟಿನಲ್ಲಿ ಸುಮಾರು 19 ಆಂಪಿಯರ್ ಸಾಕು. ಸಂಗೀತದಲ್ಲಿ ಸರಾಸರಿ ಶಕ್ತಿ ಅದಕ್ಕಿಂತ ಬಹಳ ಕಡಿಮೆ ಇರುವುದರಿಂದ, ಮಾತನಾಡಲು ಅಡ್ಡಿಯಾಗದಷ್ಟು ಧ್ವನಿಯಲ್ಲಿ ಕೇಳಿದರೆ ಮೂರು ನಾಲ್ಕು ಆಂಪಿಯರ್ ದಾಟುವುದಿಲ್ಲ. ಹಳೆಯ ಕ್ಲಾಸ್ ಎಬಿ ಮಾದರಿ ಇದೇ ಕೆಲಸಕ್ಕೆ ಹೆಚ್ಚು ಕರೆಂಟ್ ತಿಂದು ಸೀಟಿನ ಅಡಿಯನ್ನು ಬಿಸಿ ಮಾಡುತ್ತದೆ.

ಈ ಕರೆಂಟನ್ನು ಕಾರಿನ ಹಳೆಯ ಫ್ಯೂಸ್ ಬಾಕ್ಸಿನಿಂದ ಎಂದಿಗೂ ತೆಗೆದುಕೊಳ್ಳಬೇಡಿ. ಐವತ್ತು ವರ್ಷದ ವೈರಿಂಗಿನ ಹೊದಿಕೆ ಬಿಸಿಗೆ ಹಾಳಾಗಿರಬಹುದು. ಬ್ಯಾಟರಿಯಿಂದಲೇ ಪ್ರತ್ಯೇಕವಾಗಿ 6 ಚದರ ಮಿ.ಮೀ. ತಾಮ್ರದ ವೈರ್ ಎಳೆದು, ಬ್ಯಾಟರಿಯಿಂದ ಒಂದು ಅಡಿಯೊಳಗೆ 25 ಆಂಪಿಯರ್ ಫ್ಯೂಸ್ ಹಾಕಿಸಿ. ಅಡಿಗಂಬಳಿಯ ಕೆಳಗೆ, ಈಗಾಗಲೇ ಇರುವ ರಬ್ಬರ್ ಗ್ರೊಮೆಟ್ (ತಗಡಿನ ತೂತಿಗೆ ಕೂರಿಸಿದ ರಬ್ಬರ್ ಬಳೆ) ಮೂಲಕ ಅದನ್ನು ತಂದರೆ ಹೊಸ ತೂತು ಬೇಕಾಗದು. ಆಂಪ್ಲಿಫೈಯರಿನ ರಿಮೋಟ್ ತಂತಿಯನ್ನು (ಅದನ್ನು ಆನ್ ಮಾಡಲು ಸಂಕೇತ ಕೊಡುವ ತಂತಿ) ಹಳೆಯ ರೇಡಿಯೊದ ಆನ್-ಆಫ್ ಸ್ವಿಚ್ಚಿನ ನಂತರದ ಕೊಂಡಿಗೆ ಸೇರಿಸಿದರೆ, ಆ ಹಳೆಯ ನಾಬ್ ತಿರುಗಿಸಿದಾಗಲೇ ಎಲ್ಲವೂ ಚಾಲೂ ಆಗುತ್ತದೆ. ಈ ಒಂದು ವೈರ್ ಕೊಡುವ ಸಂತೋಷಕ್ಕೆ ಬೆಲೆ ಕಟ್ಟಲಾಗದು.

ಎಂಜಿನ್ ವೇಗದ ಜೊತೆ ಏರಿಳಿಯುವ ಕುಂಯ್ ಎನ್ನುವ ಶಬ್ದ ಕೇಳಿಸಿದರೆ, ಡೈನಮೊದ ಮುಖ್ಯ ಟರ್ಮಿನಲ್ ಮತ್ತು ಬಾಡಿಯ ನಡುವೆ 1 ಮೈಕ್ರೊಫ್ಯಾರಡ್ ಸಪ್ರೆಸರ್ ಕೆಪಾಸಿಟರ್ ಹಾಕಿಸಿ. ಡೈನಮೊದ ಇನ್ನೊಂದು ಟರ್ಮಿನಲ್ ಆದ ಫೀಲ್ಡ್ ಟರ್ಮಿನಲ್ಲಿಗೆ ಮಾತ್ರ ಅದನ್ನು ತಾಗಿಸಕೂಡದು, ವೋಲ್ಟೇಜ್ ನಿಯಂತ್ರಿಸುವ ರೆಗ್ಯುಲೇಟರಿನ ಪಾಯಿಂಟ್‌ಗಳು ಹಾಳಾಗುತ್ತವೆ.

ಉತ್ತರ 3: ಕೊಡಗಿನ_ರಸ್ತೆ

ಸ್ಪೀಕರುಗಳ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹಳೆಯ ಸ್ಪೀಕರ್ ಇರುವ ಜಾಗದಲ್ಲೇ ಎರಡು ವಾಯ್ಸ್ ಕಾಯಿಲ್ (ಸ್ಪೀಕರಿನ ಕಾಗದವನ್ನು ಅಲುಗಿಸುವ ತಂತಿಸುರುಳಿ) ಇರುವ ಸ್ಪೀಕರ್ ಕೂರಿಸಿದರೆ, ಎಡ ಮತ್ತು ಬಲ ಎರಡೂ ಒಂದೇ ಸ್ಪೀಕರಿನಿಂದ ಬರುತ್ತವೆ, ಜಾಲರಿ ಬದಲಾಗುವುದಿಲ್ಲ. ಹಿಂದಿನ ಗಾಜಿನ ಕೆಳಗಿನ ಹಾರ್ಡ್‌ಬೋರ್ಡನ್ನು ಬಿಚ್ಚಿ ಅಟ್ಟದಲ್ಲಿ ಜೋಪಾನವಾಗಿಡಿ. ಅದೇ ಆಕಾರಕ್ಕೆ ಪ್ಲೈವುಡ್ ಕತ್ತರಿಸಿ, ಸ್ಪೀಕರುಗಳನ್ನು ಅಡಿಯಿಂದ ಕೂರಿಸಿ, ಮೇಲೆ ಧ್ವನಿ ದಾಟುವ ತೆಳುಬಟ್ಟೆಯನ್ನು ಅದೇ ಬಣ್ಣದಲ್ಲಿ ಹೊದಿಸಿದರೆ ನೋಡಿದವರಿಗೆ ಸುಳಿವೂ ಸಿಗದು. ಇದಕ್ಕೆಲ್ಲ ಮೊದಲು ಬಾಗಿಲುಗಳ ರಬ್ಬರ್ ಬೀಡಿಂಗ್ ಬದಲಾಯಿಸಿ. ಗಾಳಿಯ ಸದ್ದು ತುಂಬಿದ ಕಾರಿನಲ್ಲಿ ದುಬಾರಿ ಸ್ಪೀಕರ್ ಹಾಕಿದರೂ ತಂಬೂರಿಯ ಶ್ರುತಿ ಕೇಳಿಸುವುದಿಲ್ಲ.

ಇನ್ನು ನೋಂದಣಿಯ ವಿಷಯ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಮತ್ತು ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ವಾಹನಕ್ಕೆ ವಿಂಟೇಜ್ ಮಾನ್ಯತೆ ಸಿಗುತ್ತದೆ. ನಂಬರಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಸೀಟಿನ ಕೆಳಗಿನ ಆಂಪ್ಲಿಫೈಯರ್ ಬಾಡಿಯ ಬದಲಾವಣೆ ಎನಿಸದು. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿಯಂಥ ಸಂದರ್ಭಗಳಿಗೆ ಬಿಟ್ಟು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಆಫೀಸಿಗೆ ಇದೇ ಕಾರಿನಲ್ಲಿ ಹಾಡು ಕೇಳುತ್ತಾ ಹೋಗುವ ಆಸೆ ಇದ್ದರೆ, ಆ ನೋಂದಣಿ ನಿಮಗೆ ಬೇಕೇ ಎಂದು ಯೋಚಿಸಿ.

ಮೈಸೂರು_ಫಿಯೆಟ್

ಎಲ್ಲರಿಗೂ ಕೃತಜ್ಞತೆಗಳು. ಕಾರು ವಾರಕ್ಕೊಮ್ಮೆಯಾದರೂ ಓಡುವುದರಿಂದ ನೋಂದಣಿಯನ್ನು ಸದ್ಯಕ್ಕೆ ಮುಂದೂಡುತ್ತೇನೆ. ಡೈನಮೊ ಇನ್ನೂ ಇದೆ. ಇದಕ್ಕಾಗಿ ಅದನ್ನು ತೆಗೆದು ಈಗಿನ ಕಾರುಗಳಲ್ಲಿರುವ ಆಲ್ಟರ್ನೇಟರ್ ಹಾಕಿಸಬೇಕೇ?

ಡೈನಮೊ_ಪ್ರೇಮಿ

ಹಗಲು ಹೊತ್ತು ಓಡಿಸುವವರಿಗೆ ಅಗತ್ಯವಿಲ್ಲ. ರಾತ್ರಿ ಪ್ರಯಾಣ ಹೆಚ್ಚಾಗಿದ್ದರೆ ಆಗ ನೋಡೋಣ. ಮೊದಲು ಡೈನಮೊದ ಕಾರ್ಬನ್ ಬ್ರಷ್ ಮತ್ತು ಬೆಲ್ಟಿನ ಬಿಗಿತ ನೋಡಿಸಿ, ಎಂಜಿನ್ ವೇಗ ಏರಿಸಿದಾಗ ಬ್ಯಾಟರಿಯ ತುದಿಗಳಲ್ಲಿ 13.5 ವೋಲ್ಟಿನಷ್ಟು ಬರುತ್ತಿದೆಯೇ ಎಂದು ಅಳೆದು ಇಲ್ಲಿ ತಿಳಿಸಿ.